ಕೆಂಪು ಬಸ್ಸಿಗೆ ಬಿಳಿ ಶೀಟ್ ಹುಡುಕಿ ಬೆಂಗಳೂರಿಗೆ

ಗುರುವಾರ

ಈ ಸಲ ಬೆಂಗಳೂರಿಗೆ ಹೊರಟಿದ್ದು ಒಂದೇ ಕೆಲಸಕ್ಕೆ. ಮಾಡೆಲ್ ಕಟ್ಟಲು ಬೇಕಾದ ತೆಳು ಪ್ಲಾಸ್ಟಿಕ್ ಶೀಟ್ ನಮ್ಮಂಥವರ ಕೈಗೆಟುಕುವ ಬೆಲೆಗೆ ಎಲ್ಲಿ ಸಿಗುತ್ತದೆ ಅಂತ ನೋಡಿಕೊಂಡು ಬರುವುದು. ನಾನು ಕಟ್ಟುತ್ತಿರುವುದು ಕರ್ನಾಟಕ ಸಾರಿಗೆಯ ಕೆಂಪು ಬಸ್. 1:32 ಅಳತೆ. ಅಂದರೆ ನಿಜದ ಬಸ್ಸಿನ 32 ಸೆಂಟಿಮೀಟರು ನನ್ನ ಮೇಜಿನ ಮೇಲೆ 1 ಸೆಂಟಿಮೀಟರು. 11 ಮೀಟರ್ ಉದ್ದದ ಬಸ್ಸು 34 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ.

ಯುದ್ಧವಿಮಾನ, ಟ್ಯಾಂಕು, ಜಪಾನಿನ ಕಾರು ಬೇಕಾದರೆ ಡಬ್ಬಿಯಲ್ಲಿ ಕಿಟ್ ಸಿಗುತ್ತದೆ. ನಮ್ಮೂರ ಬಸ್ಸು ಬೇಕು ಅಂದರೆ ಶೀಟ್ ಕತ್ತರಿಸಿ ನಾವೇ ಕಟ್ಟಬೇಕು. ಅದೂ ಒಂದು ಬಸ್ಸಿಗೆ ನಿಲ್ಲುವ ಆಸೆ ನನ್ನದಲ್ಲ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಅಲ್ಲಿಂದ ಇಲ್ಲಿಯವರೆಗೆ ಮೂತಿ ಬದಲಾದ, ಕಿಟಕಿ ಬದಲಾದ, ಬಣ್ಣ ಬದಲಾದ ಬಸ್ಸುಗಳು ಎಷ್ಟೋ. ಒಂದೊಂದು ಕಾಲದ್ದು ಒಂದೊಂದು ಕಟ್ಟಬೇಕು. ಅದಕ್ಕೆ ಶೀಟ್ ಜಾಸ್ತಿ ಬೇಕು.

ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದೆ. ಕಡೂರು ದಾಟುವವರೆಗೂ ನಿದ್ದೆ. ಅರಸೀಕೆರೆಯಲ್ಲಿ ಟೀ ಕುಡಿದು ಬಸ್ಸಿನ ನಕ್ಷೆ ತೆಗೆದು ಲೆಕ್ಕ ಹಾಕಿದೆ. ಎರಡು ಪಕ್ಕ, ನೆಲ, ಮಾಡು, ಹಿಂದೆ ಮುಂದೆ ಸೇರಿ ಸುಮಾರು 1,200 ಚದರ ಸೆಂಟಿಮೀಟರು. ಗಟ್ಟಿಯಾಗಲಿ ಅಂತ ಎರಡು ಪದರ ಮಾಡಿದರೆ ಅದರ ಎರಡರಷ್ಟು. ಸೀಟು, ಮೆಟ್ಟಿಲು, ಛಾಸಿ, ಹಾಳಾಗುವ ತುಂಡು ಎಲ್ಲ ಸೇರಿಸಿದರೆ ಒಂದು ಬಸ್ಸಿಗೆ 4,000 ಅಂತಿಟ್ಟುಕೊಳ್ಳಬಹುದು.

ಮೆಜೆಸ್ಟಿಕ್‌ನಲ್ಲಿ ಇಳಿದು ಖಾರಾಬಾತ್ ತಿಂದು ಮೊದಲು ಹೋಗಿದ್ದು ಹಾಬಿ ಅಂಗಡಿಗೆ. ಬೆಲೆ ಗೊತ್ತಿರಲಿ ಅಂತ. ಅಲ್ಲಿ ಎವರ್‌ಗ್ರೀನ್ ಕಂಪನಿಯ ಪ್ಯಾಕೆಟ್ ಇತ್ತು. ಅಮೆರಿಕದ್ದು. 15 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದ. ಅರ್ಧ ಮಿಲಿಮೀಟರ್ ದಪ್ಪದ್ದಾದರೆ ಒಂದರಲ್ಲಿ ಮೂರು ಹಾಳೆ. ಮಾಲು ಬಹಳ ಚೆನ್ನಾಗಿದೆ. ದಪ್ಪ ಎಲ್ಲ ಕಡೆ ಒಂದೇ ಸಮ, ಮೈ ನುಣುಪು, ಮಟ್ಟಸವಾಗಿ ಕೂರುತ್ತದೆ. ಆದರೆ ಹಡಗೋ ವಿಮಾನವೋ ಹತ್ತಿ, ಸುಂಕ ಕಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಪ್ಯಾಕೆಟ್ಟಿಗೆ ಆರುನೂರು ರೂಪಾಯಿ. ಮೂರು ಹಾಳೆ ಸೇರಿ 70 ಗ್ರಾಂ ತೂಗುತ್ತವೆ. ಕೆಜಿ ಲೆಕ್ಕಕ್ಕೆ ತಂದರೆ ಎಂಟು ಸಾವಿರ ದಾಟಿತು! ನನ್ನ ಒಂದು ಬಸ್ಸಿಗೆ ಮೂರು ಪ್ಯಾಕೆಟ್ ಬೇಕು. ಶಾಲೆಗೆ ಹೋಗುವ ಹುಡುಗ ಈ ಹವ್ಯಾಸಕ್ಕೆ ಹೇಗೆ ಬರಬೇಕು ಹೇಳಿ.

ಪ್ಯಾಕೆಟ್ಟಿನೊಳಗೆ ಇರುವುದು ಅಪರೂಪದ ವಸ್ತುವೇನಲ್ಲ. ಪಾಲಿಸ್ಟೈರೀನ್. ನಮ್ಮ ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಕಾಣುವ ಬಿಳಿ ಮೈ ಇದೆಯಲ್ಲ, ಅದು ಹೆಚ್ಚಾಗಿ ಇದೇ ಜಾತಿ. ಅದಕ್ಕೆ ಸ್ವಲ್ಪ ರಬ್ಬರ್ ಬೆರೆಸಿ ಒಡೆಯದಂತೆ ಮಾಡಿರುತ್ತಾರೆ. ಅಂಥದ್ದು ನಮ್ಮ ದೇಶದಲ್ಲೇ ಟನ್‌ಗಟ್ಟಲೆ ಓಡಾಡುತ್ತದೆ. ನನಗೆ ಬೇಕಾದ ನಾಲ್ಕೈದು ಕೆಜಿ ಯಾರ ಹತ್ತಿರ ಇದೆ ಅನ್ನುವುದಷ್ಟೇ ಪ್ರಶ್ನೆ.

ಮಧ್ಯಾಹ್ನ ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು ಸುಲ್ತಾನ್‌ಪೇಟೆ ಕಡೆ ನಡೆದೆ. ಕಾಗದ, ಲಗ್ನಪತ್ರಿಕೆ, ಪ್ರಿಂಟಿಂಗ್ ಸಾಮಾನಿನ ಗಲ್ಲಿಗಳು. 'ಪ್ಲಾಸ್ಟಿಕ್ ಶೀಟ್' ಅಂತ ಕೇಳಿದಲ್ಲೆಲ್ಲ ಸನ್‌ಬೋರ್ಡ್ ತೋರಿಸಿದರು. ಮನೆಗಳ ಮಾದರಿ ಮಾಡುವವರು ಬಳಸುವುದು ಅದನ್ನೇ. ನಮ್ಮಲ್ಲಿ ಬಸ್ ಕಟ್ಟುವ ಹುಡುಗರೂ ಅದರಲ್ಲೇ ಚೆಂದದ ಕೆಲಸ ಮಾಡಿದ್ದಾರೆ. ದೊಡ್ಡ ಅಳತೆಗೆ ಅದು ಸರಿ. ನನ್ನ ಬಸ್ಸಿನಲ್ಲಿ ಎರಡು ಕಿಟಕಿಯ ನಡುವಿನ ಕಂಬ 2 ಮಿಲಿಮೀಟರ್ ಅಗಲ. ಸನ್‌ಬೋರ್ಡಿನ ಹೊಟ್ಟೆ ಪೂರ್ತಿ ಗಾಳಿಗುಳ್ಳೆ. ಅಷ್ಟು ಸಣ್ಣ ಕಂಬ ಕೊಯ್ದರೆ ಅಂಚು ಪುಡಿಯಾಗುತ್ತದೆ, ತಿಕ್ಕಿದರೆ ತೂತು ಕಾಣುತ್ತದೆ.

ಒಂದು ಅಂಗಡಿಯಲ್ಲಿ ಐಡಿ ಕಾರ್ಡಿಗೆ ಬಳಸುವ ಬಿಳಿ ಶೀಟ್ ಸಿಕ್ಕಿತು. ಎ4 ಅಳತೆ, ಕಟ್ಟಿನಲ್ಲಿ ಬರುತ್ತದೆ, ಬೆಲೆಯೂ ಕಡಿಮೆ. ಅದು ಪಿವಿಸಿ. ಮಾಡೆಲ್ ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಸೂಪರ್‌ಗ್ಲೂ ಬೇಕು. ಆದರೂ ಒಂದು ಕಟ್ಟು ತೆಗೆದುಕೊಂಡೆ. ನಂಬರ್ ಪ್ಲೇಟು, ಮಡ್ ಫ್ಲ್ಯಾಪು, ಸೀಟಿನ ಬೆನ್ನು ಇಂಥದ್ದಕ್ಕೆಲ್ಲ ಆಗುತ್ತದೆ. ಪಕ್ಕದ ಬೀದಿಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಬಟ್ಟೆ ಮೇಲೆ ಗುರುತು ಹಾಕುವ ಹಲ್ಲಿನ ಚಕ್ರ ಕೊಂಡೆ. ತೆಳು ಶೀಟಿನ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಅದನ್ನು ಉರುಳಿಸಿದರೆ ಮುಂದುಗಡೆ ಸಾಲಾಗಿ ಚುಕ್ಕೆ ಏಳುತ್ತವೆ. ಬಸ್ಸಿನ ರಿವೆಟ್ ಸಾಲು ಅದೇ.

ಶುಕ್ರವಾರ

ಉಳಿದುಕೊಂಡಿದ್ದು ರಾಜಾಜಿನಗರದಲ್ಲಿ, ಅಕ್ಕನ ಮನೆಯಲ್ಲಿ. ಬೆಳಿಗ್ಗೆ ಎದ್ದು ಅರ್ಧ ಲೀಟರಿನ ಬಾಟಲಿಗೆ ನೀರು ಹಾಕಿ, ಉಪ್ಪು ಸುರಿದು ಕುಲುಕುತ್ತಾ ಕೂತಿದ್ದೆ.

'ಏನೋ ಅದು, ಅಷ್ಟೊಂದು ಉಪ್ಪು?' ಅಂದಳು ಅಕ್ಕ.

'ಪ್ಲಾಸ್ಟಿಕ್ ಯಾವ ಜಾತಿ ಅಂತ ನೋಡೋಕೆ ಅಕ್ಕಾ.'

ಇದು ನಿಜಕ್ಕೂ ಒಳ್ಳೆಯ ಉಪಾಯ. ಅಂಗಡಿಯಲ್ಲಿ ಯಾವ ಬಿಳಿ ಶೀಟ್ ನೋಡಿದರೂ ಒಂದೇ ಥರ ಕಾಣುತ್ತದೆ. ಮಾರುವವರಿಗೂ ಎಷ್ಟೋ ಸಲ ಅದು ಏನು ಅಂತ ಗೊತ್ತಿರುವುದಿಲ್ಲ. ಉಗುರಿನಷ್ಟು ಚೂರು ಕೇಳಿ ತೆಗೆದುಕೊಳ್ಳಿ. ಮೊದಲು ಬರೀ ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಸನ್‌ಬೋರ್ಡಿನಂಥ ಗುಳ್ಳೆ ಶೀಟ್. ಅದು ನಮಗೆ ಬೇಡ. ಮುಳುಗಿದ್ದನ್ನು ತೆಗೆದು ಉಪ್ಪು ನೀರಿಗೆ ಹಾಕಿ. ಇನ್ನು ಉಪ್ಪು ಕರಗುವುದಿಲ್ಲ ಅನ್ನುವಷ್ಟು ಗಟ್ಟಿ ಇರಬೇಕು ಆ ನೀರು. 100 ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಹಿಡಿಯುತ್ತದೆ. ಅದರಲ್ಲೂ ಮುಳುಗಿದರೆ ಪಿವಿಸಿ ಇಲ್ಲವೇ ಪೆಟ್. ಬರೀ ನೀರಿನಲ್ಲಿ ಮುಳುಗಿ ಉಪ್ಪು ನೀರಿನಲ್ಲಿ ಆರಾಮಾಗಿ ತೇಲಿದರೆ ಪಾಲಿಸ್ಟೈರೀನ್ ಅಥವಾ ಎಬಿಎಸ್. ಎರಡೂ ನಮಗೆ ಬರುತ್ತವೆ. ಪಾಲಿಸ್ಟೈರೀನ್ ನೀರಿಗಿಂತ ನೂರಕ್ಕೆ ಐದರಷ್ಟು ಮಾತ್ರ ಭಾರ, ಪಿವಿಸಿ ನಲವತ್ತರಷ್ಟು ಭಾರ. ಅದಕ್ಕೇ ಇಷ್ಟು ಚೆನ್ನಾಗಿ ಬೇರೆಯಾಗುತ್ತವೆ.

ಚೂರಿನ ಗುಳ್ಳೆಗಳನ್ನು ಬೆರಳಲ್ಲಿ ಒರೆಸಿ ಹಾಕಬೇಕು ಅನ್ನುವುದೊಂದು ಎಚ್ಚರ. ಗುಳ್ಳೆ ಅಂಟಿಕೊಂಡಿದ್ದರೆ ಮುಳುಗಬೇಕಾದದ್ದೂ ತೇಲುತ್ತದೆ.

ಅಕ್ಕನ ಮಗನಿಗೆ ಕಾಲೇಜು ರಜೆ. ಅವನೂ ಜೊತೆಗೆ ಹೊರಟ. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ಜೆ.ಸಿ. ರಸ್ತೆ ಕಡೆ ನಡೆದೆವು. ಆಟೋಮೊಬೈಲ್ ಸಾಮಾನಿನ ನಡುನಡುವೆ ಬೋರ್ಡು ಬರೆಯುವವರು, ಅಕ್ರಿಲಿಕ್ ಅಕ್ಷರ ಕತ್ತರಿಸುವವರು. ಅಕ್ರಿಲಿಕ್ ತುಂಡು ಅಲ್ಲಿ ತೂಕದ ಮೇಲೆ ಸಿಗುತ್ತದೆ. ಕಿಟಕಿ ಗಾಜಿಗೆ ಅದು ದಪ್ಪವಾಯಿತು. ಗಾಜಿಗೆ ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಹಾಳೆಯೇ ಸಾಕು.

ಒಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದ ಭಾಯ್ ಒಬ್ಬರು ಅಕ್ಷರ ಕೂರಿಸುತ್ತಿದ್ದರು. ಅವರ ಕೈಯಲ್ಲಿದ್ದ ಕಟ್ಟರ್ ನೋಡಿ ನಿಂತುಬಿಟ್ಟೆ. ಮುರಿದ ಹ್ಯಾಕ್ಸಾ ಬ್ಲೇಡು. ತುದಿಯನ್ನು ಕೊಕ್ಕಿನಂತೆ ಸಾಣೆ ಹಿಡಿದು, ಹಿಡಿಕೆಗೆ ಬಟ್ಟೆ ಸುತ್ತಿದ್ದರು. ಸ್ಕೇಲಿಗೆ ಒತ್ತಿ ಎಳೆದರೆ ಸಣ್ಣ ಎಳೆಯಾಗಿ ಪ್ಲಾಸ್ಟಿಕ್ ಕಿತ್ತು ಬರುತ್ತದೆ, ಗೀರು ಚೂಪಾಗಿ ಉಳಿಯುತ್ತದೆ.

'ಪೂರ್ತಿ ಕೊಯ್ಯಬಾರದು ಸಾರ್. ಮೂರು ಸಲ ಎಳೀರಿ, ಆಮೇಲೆ ಮುರೀರಿ. ಅದೇ ನೇರ ಬರತ್ತೆ' ಅಂದರು.

ಪಾಲಿಸ್ಟೈರೀನಿನ ಗುಣವೇ ಅದು. ಗೀರಿ ಬಗ್ಗಿಸಿದರೆ ಗೀರಿದ ಗೆರೆಯಲ್ಲೇ ಟಕ್ ಅಂತ ಬಿಟ್ಟುಕೊಡುತ್ತದೆ. ಕಿಟಕಿಯ ನಾಲ್ಕು ಮೂಲೆಗೆ ಮೊದಲು ತೂತು ಹೊಡೆದು, ಆಮೇಲೆ ನಾಲ್ಕು ಕಡೆ ಗೀರಿದರೆ ಕಿಟಕಿ ಅಚ್ಚುಕಟ್ಟಾಗಿ ಬಿಟ್ಟುಬರುತ್ತದೆ.

ನಮ್ಮ ಬಾಟಲಿ ನೋಡಿ ಭಾಯ್‌ಗೂ ಆಸಕ್ತಿ ಬಂತು. ಅವರಲ್ಲಿದ್ದ ಬಿಳಿ ತುಂಡುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆವು. ಒಂದು ತುಂಡು ಉಪ್ಪು ನೀರಿನಲ್ಲಿ ತೇಲಿತು. ಅಂಗಡಿಯಲ್ಲೇ ಇದ್ದ ಥಿನ್ನರ್ ಒಂದು ಹನಿ ಬಿಟ್ಟೆ. ಕ್ಷಣದಲ್ಲಿ ಮೈ ಅಂಟಂಟಾಯಿತು. ಇದೇ, ಇದೇ ಬೇಕಾಗಿದ್ದು!

'ಇದು ಹಿಪ್ಸ್. ಟ್ರೇ ಮಾಡೋರದು. ಪೀಣ್ಯಕ್ಕೆ ಹೋಗಿ' ಅಂದರು ಭಾಯ್. ಹಿಪ್ಸ್ ಅಂದರೆ ಆ ರಬ್ಬರ್ ಬೆರೆಸಿದ ಪಾಲಿಸ್ಟೈರೀನ್.

ಅಂಗಡಿ ಬೀದಿಯಲ್ಲಿ ಅಷ್ಟು ಹೊತ್ತು ಸುತ್ತಿದ್ದಕ್ಕಿಂತ ಆ ಒಂದು ಮಾತಿನಿಂದ ಆದ ಕೆಲಸ ದೊಡ್ಡದು. ಕೇಳುವಾಗ 'ಪ್ಲಾಸ್ಟಿಕ್ ಶೀಟ್' ಅನ್ನಬೇಡಿ. 'ಹಿಪ್ಸ್ ಶೀಟ್, 500 ಮೈಕ್ರಾನ್' ಅನ್ನಿ. ಆ ಧಂಧೆಯಲ್ಲಿ ಮಿಲಿಮೀಟರಿಗಿಂತ ಮೈಕ್ರಾನ್ ಮಾತೇ ಜಾಸ್ತಿ. 500 ಅಂದರೆ ಅರ್ಧ ಮಿಲಿಮೀಟರು, 1000 ಅಂದರೆ ಒಂದು.

ಶನಿವಾರ

ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿದರೆ ಗಾಳಿಯೇ ಬೇರೆ. ಕಟಿಂಗ್ ಆಯಿಲ್, ಬಿಸಿ ಕಬ್ಬಿಣ, ಲಾರಿ ಹೊಗೆ. ಒಂದೊಂದು ಶೆಡ್ಡಿನಲ್ಲೂ ಒಂದೊಂದು ಸದ್ದು. ಈ ಊರಿನ ನಿಜವಾದ ಜಾಣತನ ನನಗೆ ಕಾಣುವುದು ಇಲ್ಲೇ.

ವ್ಯಾಕ್ಯೂಮ್ ಫಾರ್ಮಿಂಗ್, ಅಂದರೆ ಶೀಟ್ ಕಾಯಿಸಿ ಅಚ್ಚಿಗೆ ಎಳೆದು ಟ್ರೇ ಮಾಡುವ ಕಡೆ ವಿಚಾರಿಸುತ್ತಾ ಹೋದೆವು. ಮೊದಲ ಕಡೆ ಗೇಟಿನಲ್ಲೇ ಇಲ್ಲ ಅಂದರು. ಇನ್ನೊಂದು ಕಡೆ ರೋಲ್ ಪೂರ್ತಿ ತೆಗೆದುಕೊಂಡರೆ ಮಾತ್ರ ಅಂದರು. ಅವರದ್ದೂ ಸರಿಯೇ. ಅವರು ವ್ಯವಹಾರ ಮಾಡುವುದೇ ಹಾಗೆ. ಮುಂದಿನ ರಸ್ತೆಯ ಸಣ್ಣ ಯೂನಿಟ್ಟೊಂದರ ಮಾಲೀಕರು ಒಳಗೆ ಕರೆದರು. ಅಕ್ಕನ ಮಗ ಮೊಬೈಲಿನಲ್ಲಿ ನನ್ನ ಅರ್ಧ ಕಟ್ಟಿದ ಬಸ್ಸಿನ ಫೋಟೋ ತೋರಿಸಿದ. ಅವರು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

'ನಮ್ಮ ತಂದೆ ಡ್ರೈವರ್ ಆಗಿದ್ದರು ಸಾರ್, ತುಮಕೂರು ಡಿಪೋ' ಅಂದರು. ಆಮೇಲೆ ಮಾತು ಸಲೀಸಾಯಿತು. ಟೀ ಬಂತು, ಮೆಷಿನ್ನೂ ತೋರಿಸಿದರು.

ರೋಲಿನಿಂದ ಶೀಟ್ ಬಿಚ್ಚಿಕೊಂಡು ಬರುತ್ತದೆ. ಮೇಲಿನ ಹೀಟರ್ ಅದನ್ನು ಹಪ್ಪಳದ ಹಿಟ್ಟಿನಂತೆ ಮೆತ್ತಗೆ ಮಾಡುತ್ತದೆ. ಕೆಳಗಿನಿಂದ ಅಚ್ಚು ಏಳುತ್ತದೆ, ಪಂಪು ಗಾಳಿ ಎಳೆಯುತ್ತದೆ, ಶೀಟ್ ಅಚ್ಚಿಗೆ ಮೈ ಕೊಟ್ಟು ಕೂರುತ್ತದೆ. ಫ್ಯಾನ್ ಬೀಸಿ ತಣಿಸಿದರೆ ಟ್ರೇ. ಅಂಚು ಕತ್ತರಿಸಿ ಎಸೆಯುತ್ತಾರೆ. ಹಾಗೆ ಎಸೆದದ್ದು ಪುಡಿಯಾಗಿ ಮತ್ತೆ ಶೀಟ್ ಮಾಡುವವರಿಗೇ ಹೋಗುತ್ತದೆ.

ನನಗೆ ಬೇಕಾದದ್ದು ಆ ಅಂಚಲ್ಲ. ಅದು ಕಾದು ಸೊಟ್ಟಗಾಗಿರುತ್ತದೆ. ನನ್ನ ಕಣ್ಣಿದ್ದದ್ದು ರೋಲಿನ ಕೊನೆಯ ಮೇಲೆ. ರೋಲ್ ಮುಗಿಯುವಾಗ ಮೆಷಿನ್ನಿಗೆ ಹಿಡಿಸದ ಎರಡು ಮೂರು ಮೀಟರ್ ಉಳಿದುಬಿಡುತ್ತದೆ. ಶಾಖವೇ ತಾಗದ ಹೊಸ ಶೀಟ್. ಅದೂ ಪುಡಿಗೇ ಹೋಗುವುದು. ಮೂಲೆಯಲ್ಲಿ ಅಂಥವು ಗುಡ್ಡೆ ಬಿದ್ದಿದ್ದವು. ಬಿಳಿ, ಕಪ್ಪು, ನೀಲಿ.

ದಪ್ಪ ಅಳೆಯುವ ವರ್ನಿಯರ್ ಹಿಡಿದು ಕೂತೆ. 400, 500, 800, 1000 ಮೈಕ್ರಾನ್ ಎಲ್ಲ ಇತ್ತು. ಇಲ್ಲಿ ನೋಡಿಕೊಳ್ಳಬೇಕಾದದ್ದು ಕೆಲವು. ಹಾಲಿನಂಥ ಬಿಳಿ ಇದ್ದರೆ ಹೊಸ ಪ್ಲಾಸ್ಟಿಕ್ ಕಾಳಿನಿಂದ ಮಾಡಿದ ಮಾಲು. ಬೂದು ಬಣ್ಣ, ಕಪ್ಪು ಚುಕ್ಕೆ ಇದ್ದರೆ ಹಳೆಯದನ್ನು ಪುಡಿ ಮಾಡಿ ಬೆರೆಸಿದ್ದು. ಅದನ್ನು ಬಗ್ಗಿಸಿದರೆ ಬೇಗ ಒಡೆಯುತ್ತದೆ, ತಿಕ್ಕಿದರೆ ಕಸ ಏಳುತ್ತದೆ. ನಾಲ್ಕು ಕಡೆ ದಪ್ಪ ಅಳೆಯಿರಿ. ಅಂಚಿಗೂ ನಡುವಿಗೂ ಹೆಚ್ಚು ವ್ಯತ್ಯಾಸ ಇದ್ದರೆ ಬಿಡಿ. ಎಲೆಕ್ಟ್ರಾನಿಕ್ಸ್ ಸಾಮಾನಿನ ಟ್ರೇಗೆ ಬರುವ ಕಪ್ಪು ಶೀಟಿನಲ್ಲಿ ಕರೆಂಟ್ ಹರಿಯಲಿ ಅಂತ ಕಾರ್ಬನ್ ಬೆರೆಸಿರುತ್ತಾರೆ. ಮೇಲೆ ಬಣ್ಣ ಹೊಡೆಯುವ ನಮಗೆ ಅದರಿಂದ ಉಪಯೋಗ ಇಲ್ಲ.

ಮಾಲೀಕರು ಕೆಜಿಗೆ 180 ರೂಪಾಯಿ ಹೇಳಿದರು. ಪುಡಿಗೆ ಹಾಕಿದರೆ ಬರುವುದಕ್ಕಿಂತ ಅವರಿಗೂ ಜಾಸ್ತಿ, ನನಗಂತೂ ಬಹಳ ಕಡಿಮೆ. 500 ಮೈಕ್ರಾನಿನದು ಎರಡೂವರೆ ಕೆಜಿ, 1000ದ್ದು ಎರಡು ಕೆಜಿ ಕಟ್ಟಿಸಿದೆ. 810 ರೂಪಾಯಿ ಆಯಿತು.

ಇದನ್ನು ಗುರುವಾರದ ಪ್ಯಾಕೆಟ್ಟಿನ ಪಕ್ಕ ಇಟ್ಟು ನೋಡಿ. ಅರ್ಧ ಮಿಲಿಮೀಟರಿನ ಹಿಪ್ಸ್ ಒಂದು ಕೆಜಿ ಅಂದರೆ ಸುಮಾರು 1.9 ಚದರ ಮೀಟರು. 15 ಮತ್ತು 30ರ ಅಳತೆಗೆ ಕತ್ತರಿಸಿದರೆ 42 ಹಾಳೆ, ಅಂದರೆ 14 ಪ್ಯಾಕೆಟ್. ಅಷ್ಟಕ್ಕೆ ಕೊಟ್ಟಿದ್ದು 180 ರೂಪಾಯಿ. ಒಂದು ಕೆಜಿಯಲ್ಲಿ ನಾಲ್ಕು ಬಸ್ ಏಳುತ್ತವೆ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. 'ಶನಿವಾರ ಮಧ್ಯಾಹ್ನ ಬನ್ನಿ ಸಾರ್. ಭಾನುವಾರ ರಜೆ, ಸೋಮವಾರ ಪುಡಿಗೆ ಹೋಗತ್ತೆ. ವಾರದ್ದೆಲ್ಲ ಅವತ್ತು ಇಲ್ಲೇ ಇರತ್ತೆ.' ಬೇರೆ ಊರಿನವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹುಬ್ಬಳ್ಳಿ, ಮೈಸೂರು, ಎಲ್ಲಿಯೇ ಆಗಲಿ, ಟ್ರೇ ಅಥವಾ ಪ್ಯಾಕಿಂಗ್ ಮಾಡುವ ಯೂನಿಟ್ ಇದ್ದರೆ ರೋಲಿನ ಕೊನೆ ಅಲ್ಲಿ ಇದ್ದೇ ಇರುತ್ತದೆ. ವಾರದ ಕೊನೆಗೆ ಹೋಗಿ, ಮಾಡಿದ ಕೆಲಸದ ಫೋಟೋ ಜೊತೆಗಿರಲಿ.

ಭಾನುವಾರ

ರೋಲಿನ ಶೀಟಿಗೆ ಒಂದು ದೋಷ ಇದೆ. ಸುರುಳಿಯ ಬಾಗು ಬಿಡುವುದಿಲ್ಲ. ಬೆಳಿಗ್ಗೆ ಅಕ್ಕನ ಮನೆಯ ತಾರಸಿಯಲ್ಲಿ ಅದಕ್ಕೆ ಮದ್ದು ಮಾಡಿ ನೋಡಿದೆವು. ಬೇಕಾದ ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಕೈ ತಡೆಯದಷ್ಟು ಬಿಸಿ ಇರುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು, ಇಕ್ಕಳದಿಂದ ತೆಗೆದು ಎರಡು ಕಡಪ ಕಲ್ಲಿನ ನಡುವೆ ಇಟ್ಟೆವು. ತಣಿದ ಮೇಲೆ ಬಾಗು ಬಹುಪಾಲು ಇಳಿದಿತ್ತು. ಕುದಿಯುವ ನೀರು ಬೇಡ. ಹೆಚ್ಚುಕಡಿಮೆ ಅಷ್ಟು ಶಾಖಕ್ಕೇ ಈ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ರೋಲ್ ಎಳೆದ ದಿಕ್ಕಿನಲ್ಲಿ ಕುಗ್ಗಲೂ ಬಹುದು.

ಇದಕ್ಕಿಂತ ಗಟ್ಟಿಯಾದ ದಾರಿ ಎರಡು ಪದರ ಅಂಟಿಸುವುದು. ಒಂದರ ಬಾಗು ಈ ಕಡೆ, ಇನ್ನೊಂದರ ಬಾಗು ಆ ಕಡೆ. ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಬಸ್ಸಿನ ಪಕ್ಕಕ್ಕೆ ಹೇಗೂ ಎರಡು ಪದರ ಬೇಕು. ಒಳಗಿನ ಪದರಕ್ಕೆ ಅಲ್ಲಲ್ಲಿ ಸಣ್ಣ ತೂತು ಹೊಡೆಯಬೇಕು. ಇಲ್ಲದಿದ್ದರೆ ಅಂಟಿನ ಆವಿ ಒಳಗೇ ಸಿಕ್ಕಿಕೊಂಡು, ವಾರಗಳಾದ ಮೇಲೆ ಮೈ ಉಬ್ಬುತ್ತದೆ. ಅಂಟಿಗೆ ಪೇಂಟ್ ಅಂಗಡಿಯ ಥಿನ್ನರ್ ಸಾಕು. ಸಣ್ಣ ಬ್ರಷ್ಷಿನಲ್ಲಿ ಜೋಡಣೆಯ ಅಂಚಿಗೆ ತಾಗಿಸಿದರೆ ತಾನೇ ಒಳಗೆ ಓಡುತ್ತದೆ. ಕೆಲಸ ಮಾತ್ರ ಕಿಟಕಿ ತೆಗೆದ ಕೋಣೆಯಲ್ಲೋ ತಾರಸಿಯಲ್ಲೋ ಮಾಡಬೇಕು. ಆ ಆವಿ ತಲೆಗೂ ಲಿವರಿಗೂ ಒಳ್ಳೆಯದಲ್ಲ. ಮಕ್ಕಳಿದ್ದರೆ ಅಂಟಿಸುವುದನ್ನು ದೊಡ್ಡವರೇ ಮಾಡಿ.

ಅಕ್ಕನ ಮಗ ಒಂದು ಪಕ್ಕದ ಕಿಟಕಿಗಳನ್ನೆಲ್ಲ ಅವನೇ ಕತ್ತರಿಸಿದ. ಮೊದಲ ಕಿಟಕಿಗೂ ಕೊನೆಯದಕ್ಕೂ ಕೈ ಪಳಗಿದ್ದು ಕಾಣುತ್ತಿತ್ತು. 'ಮಾಮಾ, ಒಂದು ಹಾಳೆ ಇಲ್ಲೇ ಬಿಟ್ಟುಹೋಗಿ' ಅಂದ. ಅರ್ಧ ಕೆಜಿ ಅವನಿಗೇ ಬಿಟ್ಟೆ. ಹಾಳೆಗೆ ಇನ್ನೂರು ರೂಪಾಯಿ ಆಗಿದ್ದರೆ ಕೈಗೆ ಕೊಟ್ಟು 'ಹಾಳು ಮಾಡು, ಕಲಿತುಕೋ' ಅನ್ನಲು ಆಗುತ್ತಿತ್ತೇ? ಈ ಹುಡುಕಾಟಕ್ಕೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕೇ.

ಮಧ್ಯಾಹ್ನ ಮೆಜೆಸ್ಟಿಕ್. ಬಸ್ಸು ಹೊರಡಲು ಹೊತ್ತಿತ್ತು. ಡ್ರೈವರಣ್ಣನನ್ನು ಕೇಳಿ ಟೇಪ್ ಹಿಡಿದೆ. ಕಿಟಕಿ ಕಂಬದ ಅಗಲ, ಪಕ್ಕದ ಬೀಡಿಂಗ್ ಪಟ್ಟಿ, ಏಣಿಯ ಮೆಟ್ಟಿಲುಗಳ ಅಂತರ ಬರೆದುಕೊಂಡೆ. ಅವರೇ ಟೇಪಿನ ಇನ್ನೊಂದು ತುದಿ ಹಿಡಿದರು. 'ಲಗೇಜ್ ಕ್ಯಾರಿಯರ್ ಹಾಕ್ತೀರಾ?' ಅಂತ ಕೇಳಿದರು. ಹಾಕುತ್ತೇನೆ ಅಂದೆ. ಶೀಟಿನ ಸುರುಳಿಯನ್ನು ಸೀಟಿನ ಮೇಲಿನ ಅಟ್ಟಕ್ಕೆ ಸೇರಿಸಿದೆ. ತುಮಕೂರು, ತಿಪಟೂರು ದಾಟಿ ಶಿವಮೊಗ್ಗ ಮುಟ್ಟಿದಾಗ ರಾತ್ರಿಯಾಗಿತ್ತು.

ಸೋಮವಾರ

ಸಾಗರದ ಗೆಳೆಯರೊಬ್ಬರು ಮೀಟರ್ ಗೇಜ್ ಬೋಗಿ ಕಟ್ಟುತ್ತಿದ್ದಾರೆ. ಅವರಿಗೆ ಒಂದು ಕೆಜಿ ಬೇಕಂತೆ. ನನ್ನ ಹತ್ತಿರ ಈಗ ಉಳಿದಿರುವುದೇ ನಾಲ್ಕು ಕೆಜಿ. ಮುಂದಿನ ಸಲ ಮೂರು ನಾಲ್ಕು ಜನ ಸೇರಿ ದುಡ್ಡು ಹಾಕಿ ಪೂರ್ತಿ ರೋಲ್ ತರಿಸುವುದು ಅಂತ ಮಾತಾಯಿತು. ಆಗ ತುಂಡಿಗೆ ಕಾಯಬೇಕಿಲ್ಲ, ಬೇಕಾದ ದಪ್ಪವನ್ನೇ ಹೇಳಬಹುದು.

ಸಿಗದೇ ಉಳಿದದ್ದು ಕಾಲು ಮಿಲಿಮೀಟರಿನ ಶೀಟ್. ರಿವೆಟ್ ಸಾಲಿಗೆ ಅದೇ ಆಗಬೇಕು. ಅಷ್ಟು ತೆಳುವಿನದು ಆ ಗುಡ್ಡೆಯಲ್ಲಿ ಇರಲಿಲ್ಲ. ಒಂದು ಬಸ್ಸಿಗೆ ಅದು ಬೇಕಾಗುವುದು ಬೆರಳಗಲದ ಪಟ್ಟಿಗಳಷ್ಟೇ. ಸದ್ಯಕ್ಕೆ ಅದೊಂದನ್ನು ಪ್ಯಾಕೆಟ್ಟಿನಲ್ಲೇ ಕೊಳ್ಳುತ್ತೇನೆ.